ಮೇಲಿನ ಹಲಗೆಯ ಮದ್ದುಗಳು

ಮಗಳು ಬಾಣಂತನಕ್ಕೆ ಮನೆಗೆ ಬಂದಿದ್ದಳು. ಒಂದು ಸಂಜೆ ಮಗು ಮುಷ್ಟಿ ಬಿಗಿಹಿಡಿದು, ಕಾಲು ಹೊಟ್ಟೆಗೆ ಎಳೆದುಕೊಂಡು, ಮುಖ ಕೆಂಪಗೆ ಮಾಡಿಕೊಂಡು ಅಳತೊಡಗಿತು. ಎತ್ತಿಕೊಂಡರೂ ಇಲ್ಲ, ತಟ್ಟಿದರೂ ಇಲ್ಲ. ನನ್ನ ಹೆಂಡತಿ ಯಾರಿಗೂ ಹೇಳದೆ ಮೂಲೆಯ ಮೆಡಿಕಲ್ ಶಾಪಿಗೆ ಹೋಗಿ ಗ್ರೈಪ್ ವಾಟರ್ ಬಾಟಲಿ ತಂದಳು. ಮಗಳು ಫ್ರಿಜ್ಜಿನ ಬಾಗಿಲಿಗೆ ಅಂಟಿಸಿದ್ದ ಡಾಕ್ಟರ ಚೀಟಿ ತೋರಿಸಿದಳು: ಆರು ತಿಂಗಳು ತಾಯಿಹಾಲು ಬಿಟ್ಟು ಬೇರೇನೂ ಬೇಡ, ನೀರೂ ಬೇಡ.

“ನಿಂಗೂ ಇದನ್ನೇ ಕೊಟ್ಟು ಸಾಕಿದ್ದು ಕಣೇ,” ಎಂದಳು ಹೆಂಡತಿ.

“ಅಮ್ಮಾ, ಅದು ಟೀವಿ ಜಾಹೀರಾತಿನ ಡೈಲಾಗು!”

ಹೌದಲ್ಲ ಅನ್ನಿಸಿತು. ಒಂದು ಕಾಲದಲ್ಲಿ ಟೀವಿಯಲ್ಲಿ ಅಜ್ಜಿ ತನ್ನ ಮಗಳಿಗೆ, ಆ ಮಗಳು ತನ್ನ ಮಗಳಿಗೆ ಇದೇ ಮಾತು ದಾಟಿಸುತ್ತಿದ್ದರು. ಅದು ನಮ್ಮ ಮನೆಯ ಸ್ವಂತ ಮಾತಾಗಿ ಯಾವಾಗ ಕೂತುಬಿಟ್ಟಿತೋ ತಿಳಿಯದು. ಇಬ್ಬರೂ ನನ್ನ ಕಡೆ ತಿರುಗಿದರು. ಸರ್ಕಾರಿ ಆಸ್ಪತ್ರೆಗಳಲ್ಲಿ ಫಾರ್ಮಸಿಸ್ಟ್ ಆಗಿ ನಿವೃತ್ತನಾದವನು ನಾನು, ನ್ಯಾಯ ನಾನೇ ಹೇಳಬೇಕು. ಬಾಟಲಿಯ ಮುಚ್ಚಳ ತಿರುಗಿಸಿ ಮೂಸಿದೆ. ಸಬ್ಬಸಿಗೆಯ ಸಿಹಿ ವಾಸನೆ. ನಮ್ಮ ದೊಡ್ಡಪ್ಪನ ಅಂಗಡಿ ಕಣ್ಣೆದುರಿಗೆ ಬಂದು ನಿಂತಿತು.

ನಮ್ಮೂರು ಅರಸೀಕೆರೆ ಸೀಮೆಯ ತೆಂಗಿನ ತೋಟಗಳ ನಡುವಿನ ಒಂದು ಹಳ್ಳಿ. ತಲೆ ಎಣಿಸಿದರೆ ಸಾವಿರ ಆಗುತ್ತಿತ್ತೋ ಇಲ್ಲವೋ. ಡಾಕ್ಟರು ಇದ್ದದ್ದು ತಾಲ್ಲೂಕು ಕೇಂದ್ರದಲ್ಲಿ, ಅಲ್ಲಿಗೆ ಬಸ್ಸು ಬೆಳಿಗ್ಗೆ ಒಂದು, ಸಂಜೆ ಒಂದು. ಊರಿಗೆಲ್ಲ ದೊಡ್ಡಪ್ಪನದೊಂದೇ ಅಂಗಡಿ. ಕೆಳಗಿನ ಹಲಗೆಗಳಲ್ಲಿ ಬೇಳೆ, ಬೆಲ್ಲ, ಉಪ್ಪು. ಕೈಗೆ ಸಿಗುವ ಎತ್ತರದಲ್ಲಿ ಬೀಡಿ, ಬೆಂಕಿಪೊಟ್ಟಣ, ಸೋಪು. ಎಲ್ಲಕ್ಕಿಂತ ಮೇಲೆ, ಇಲಿಗೂ ಮಕ್ಕಳಿಗೂ ಎಟುಕದ ಹಾಗೆ, ಮದ್ದುಗಳು. ಅಮೃತಾಂಜನದ ಹಳದಿ ಶೀಸೆ, ಅನಾಸಿನ್ ಸರಿಡಾನ್ ಪಟ್ಟಿಗಳು, ಟಿಂಚರ್ ಅಯೋಡಿನ್, ನಾವು ‘ಕೆಂಪು ಔಷಧಿ’ ಅನ್ನುತ್ತಿದ್ದ ಮರ್ಕ್ಯುರೋಕ್ರೋಮ್, ಭೇದಿ ಉಪ್ಪು, ಊಟಿಗೆ ಹೋದವರು ಯಾರೋ ತಂದುಕೊಟ್ಟ ನೀಲಗಿರಿ ಎಣ್ಣೆ, ನಂಜನಗೂಡು ಹಲ್ಲುಪುಡಿ, ಹುಳುವಿನ ಮದ್ದು, ರಕ್ತ ಆಗೋ ಟಾನಿಕ್ಕು, ಗ್ರೈಪ್ ವಾಟರ್. ಹರಳೆಣ್ಣೆಗೆ ಮಾತ್ರ ಕೆಳಗೆ ಒಂದು ತಗಡಿನ ಡಬ್ಬ. ಅದು ದೀಪಕ್ಕೂ ಆಗುತ್ತಿತ್ತು, ನೆತ್ತಿಗೂ ಆಗುತ್ತಿತ್ತು, ತಿಂಗಳಿಗೊಮ್ಮೆ ನಮ್ಮ ಮೂಗು ಹಿಡಿದು ಗಂಟಲಿಗೆ ಹುಯ್ಯುವುದಕ್ಕೂ ಆಗುತ್ತಿತ್ತು.

ರಜೆಯಲ್ಲಿ ನನ್ನ ಕೆಲಸ ಸ್ಟೂಲು ಹತ್ತಿ ಮೇಲಿನ ಹಲಗೆಯಿಂದ ಇಳಿಸಿ ಕೊಡುವುದು. ಯಾರೂ ಔಷಧಿಯ ಹೆಸರು ಹೇಳುತ್ತಿರಲಿಲ್ಲ. “ಸಾವ್ಕಾರ್ರೆ, ತಲೆ ಒಡ್ದೋಯ್ತದೆ, ಏನಾರ ಕೊಡಿ.” “ಕೂಸಿಗೆ ಹೊಟ್ಟೆ ಉಬ್ಬರ ಕಣಪ್ಪ, ರಾತ್ರಿಯೆಲ್ಲ ಮಲಗಲಿಲ್ಲ.” ದೊಡ್ಡಪ್ಪ ತಕ್ಕಡಿಯಿಂದ ಕಣ್ಣು ತೆಗೆಯದೆ ಕೇಳುತ್ತಿದ್ದರು: ಜ್ವರ ಇದೆಯೋ? ಊಟ ಸೇರ್ತದೋ? ಎಷ್ಟು ದಿನದಿಂದ? ಆಮೇಲೆ ನನಗೆ ಗಲ್ಲ ಎತ್ತಿ ತೋರಿಸುತ್ತಿದ್ದರು. ಆ ಗಲ್ಲ ಯಾವ ಕಡೆ ತಿರುಗಿದರೆ ಯಾವ ಶೀಸೆ ಎಂಬುದು ನನಗೆ ಗೊತ್ತಿತ್ತು.

ಸಂತೆಯಿಂದ ಬಿಸಿಲಲ್ಲಿ ನಡೆದು ಬಂದವರಿಗೆ ಒಂದು ಬೆರಳು ಅಮೃತಾಂಜನ ಪುಕ್ಕಟೆ. ಅದಕ್ಕೆಂದೇ ಒಂದು ಶೀಸೆ ಗಲ್ಲಾಪೆಟ್ಟಿಗೆಯ ಪಕ್ಕ ಮುಚ್ಚಳ ತೆಗೆದೇ ಇರುತ್ತಿತ್ತು. ಹಣೆಗೆ ಹಚ್ಚಿಕೊಂಡವರು ಕಣ್ಣು ಮುಚ್ಚಿ ಜಗಲಿಯ ಮೇಲೆ ಕೂತು, “ಹಾ” ಎಂದು ಉಸಿರು ಬಿಟ್ಟು, ಏಳುವಾಗ ಒಂದು ಸಣ್ಣ ಡಬ್ಬಿ ತೆಗೆದುಕೊಳ್ಳುತ್ತಿದ್ದರು. ಈ ಉಪಾಯ ದೊಡ್ಡಪ್ಪನದೇ ಎಂದುಕೊಂಡಿದ್ದೆ. ಆಮೇಲೆ ಓದಿದೆ. 1893ರಲ್ಲಿ ಬೊಂಬಾಯಿಯಲ್ಲಿ ಅಮೃತಾಂಜನ ಶುರುಮಾಡಿದ ಕಾಶೀನಾಥುನಿ ನಾಗೇಶ್ವರ ರಾವ್ ಅವರೂ ಹೀಗೆಯೇ ಸಂಗೀತ ಕಛೇರಿಗಳಿಗೆ ಹೋಗಿ ಕೇಳುಗರಿಗೆ ಅದನ್ನು ಪುಕ್ಕಟೆ ಹಂಚುತ್ತಿದ್ದರಂತೆ. ಮುಲಾಮಿನಲ್ಲಿ ಬಂದ ದುಡ್ಡಿನಲ್ಲಿ ‘ಆಂಧ್ರ ಪತ್ರಿಕ’ ಹೊರಡಿಸಿದರು, 1908ರಲ್ಲಿ ವಾರಪತ್ರಿಕೆಯಾಗಿ, 1914ರಲ್ಲಿ ಮದ್ರಾಸಿಗೆ ಹೋಗಿ ದಿನಪತ್ರಿಕೆಯಾಗಿ. ತೆಲುಗು ಸೀಮೆಯ ರಾಷ್ಟ್ರೀಯ ಚಳವಳಿಗೆ ನಮ್ಮ ತಲೆನೋವುಗಳೂ ಒಂದಿಷ್ಟು ಕಾಸು ಹಾಕಿವೆ ಎಂದಾಯಿತು. ಯಾವ ತಲೆನೋವೂ ಇಷ್ಟು ಒಳ್ಳೆಯ ಕೆಲಸಕ್ಕೆ ಬಂದದ್ದು ನಾನು ಬೇರೆಲ್ಲೂ ಕಾಣೆ.

ಈ ಮುಲಾಮುಗಳ ಗುಟ್ಟು ನಮಗೆ ತಿಳಿದದ್ದು ತೀರ ಈಚೆಗೆ. ಪುದೀನ ಹೂವು, ಅಂದರೆ ಮೆಂಥಾಲ್, ಚರ್ಮವನ್ನು ತಣ್ಣಗೆ ಮಾಡುವುದಿಲ್ಲ. ಥಂಡಿಯನ್ನು ಗುರುತಿಸುವ ನರದ ತುದಿಯನ್ನು ನೇರವಾಗಿ ಮುಟ್ಟಿ ‘ಥಂಡಿ ಆಯಿತು’ ಎಂದು ಮಿದುಳಿಗೆ ಸುದ್ದಿ ಕಳಿಸುತ್ತದೆ. 2002ರಲ್ಲಿ ವಿಜ್ಞಾನಿಗಳಾದ ಡೇವಿಡ್ ಜೂಲಿಯಸ್ ಮತ್ತು ಆರ್ಡೆಮ್ ಪಟಪೂಟಿಯನ್ ಬೇರೆಬೇರೆಯಾಗಿ ನರದ ತುದಿಯಲ್ಲಿ ಥಂಡಿಯನ್ನು ಹಿಡಿಯುವ ಗ್ರಾಹಕವನ್ನು (ರಿಸೆಪ್ಟರ್) ಪತ್ತೆಹಚ್ಚಿದ್ದು ಮೆಂಥಾಲ್ ಬಳಸಿಯೇ. 2021ರಲ್ಲಿ ಅವರಿಗೆ ನೊಬೆಲ್ ಬಂದಾಗ ಪ್ರಶಸ್ತಿ ಸಮಿತಿ ಈ ಕೆಲಸವನ್ನೂ ಹೆಸರಿಸಿತು. ಮೂಗು ಕಟ್ಟಿದಾಗ ವಿಕ್ಸ್ ಹಚ್ಚಿದರೂ ಇದೇ ಕಥೆ. ಮೂಗಿನ ಒಳಗಿನ ಊತ ಎಷ್ಟಿತ್ತೋ ಅಷ್ಟೇ ಇರುತ್ತದೆ, ಗಾಳಿ ಚೆನ್ನಾಗಿ ಹೋಗುತ್ತಿದೆ ಎಂಬ ಭಾವನೆ ಮಾತ್ರ ಬರುತ್ತದೆ. ಆ ಭಾವನೆಯಲ್ಲೇ ಮಗು ನಿದ್ದೆ ಹೋದರೆ ಅದನ್ನು ಮೋಸ ಅನ್ನಲು ನನಗೆ ಮನಸ್ಸಿಲ್ಲ. ಆದರೆ ಎದೆಗೂಸಿನ ಮೂಗಿನ ಬುಡಕ್ಕೆ ಕರ್ಪೂರದ ಮುಲಾಮು ಹಚ್ಚುವುದು ಬೇರೆ ಮಾತು. ಎರಡು ವರ್ಷದೊಳಗಿನ ಮಕ್ಕಳಿಗೆ ಅದು ಉಸಿರಾಟಕ್ಕೇ ತೊಂದರೆ ಮಾಡಬಹುದು, ನುಂಗಿದರಂತೂ ಫಿಟ್ಸ್ ಬರಿಸಬಹುದು. ನಮ್ಮ ಮನೆಯಲ್ಲಿ ಎಲ್ಲ ಕೂಸುಗಳ ಎದೆಗೂ ಕೊಬ್ಬರಿ ಎಣ್ಣೆಯಲ್ಲಿ ಕರ್ಪೂರ ಕಾಯಿಸಿ ತಿಕ್ಕುತ್ತಿದ್ದರು. ನಮಗೆ ಏನೂ ಆಗಲಿಲ್ಲ ಎಂದು ಈಗಲೂ ಹೇಳುವವರಿದ್ದಾರೆ. ಹೇಳುವುದಕ್ಕೆ ಉಳಿದವರು ತಾನೇ ಹೇಳುವುದು.

ದೊಡ್ಡಪ್ಪ ತಾವೇ ತಯಾರಿಸುತ್ತಿದ್ದ ಮದ್ದು ಒಂದಿತ್ತು. ಗ್ರಂಧಿಗೆ ಅಂಗಡಿಯಿಂದ ಮೂರು ಪೊಟ್ಟಣ ತರುತ್ತಿದ್ದರು: ಕರ್ಪೂರ, ಪುದೀನ ಹೂವು, ಓಮದ ಹೂವು. ಮೂರೂ ಹರಳು ಹರಳಾಗಿರುವ ಒಣ ಪದಾರ್ಥಗಳು. ಮೂರನ್ನೂ ಒಂದು ಖಾಲಿ ಶೀಸೆಗೆ ಹಾಕಿ, ಬಿರಡೆ ಬಿಗಿದು ನನ್ನ ಕೈಗೆ ಕೊಟ್ಟು “ಅಲ್ಲಾಡಿಸು” ಅನ್ನುತ್ತಿದ್ದರು. ಒಂದು ಹನಿ ನೀರು ಹಾಕಿಲ್ಲ, ಬೆಂಕಿ ತೋರಿಸಿಲ್ಲ, ನೋಡನೋಡುತ್ತಿದ್ದಂತೆ ಹರಳುಗಳು ಬೆವರಿ, ಕರಗಿ, ಶೀಸೆಯ ತುಂಬ ತಿಳಿಯಾದ ದ್ರವ. ಅದೇ ಅಮೃತಧಾರೆ. ಹೊಟ್ಟೆನೋವಿಗೆ ಸಕ್ಕರೆಯ ಮೇಲೆ ಎರಡು ಹನಿ, ಹಲ್ಲುನೋವಿಗೆ ಹತ್ತಿಯಲ್ಲಿ ಅದ್ದಿ, ಚೇಳು ಕಚ್ಚಿದರೆ ಮೇಲೆ ಹಚ್ಚಿ. ಕಾಲರಾಕ್ಕೂ ಅದೇ. ವರ್ಷಗಳ ಮೇಲೆ ಫಾರ್ಮಸಿ ಡಿಪ್ಲೊಮಾ ತರಗತಿಯಲ್ಲಿ ಮೇಷ್ಟರು ಕಲ್ಲಿನ ಖಲ್ಲಿಗೆ ಇದೇ ಮೂರು ಪುಡಿ ಹಾಕಿ ಅರೆದು, ಇದು ಯೂಟೆಕ್ಟಿಕ್ ಮಿಶ್ರಣ, ಬೆರೆತಾಗ ಕರಗುವ ಬಿಂದು ಕೋಣೆಯ ಉಷ್ಣಾಂಶಕ್ಕಿಂತ ಕೆಳಗಿಳಿಯುತ್ತದೆ ಎಂದರು. ಉಳಿದ ಹುಡುಗರು ಬೆರಗಾದರು. ನಾನು ಮಾತ್ರ ಹಳೆಯ ಪರಿಚಯದವನನ್ನು ಪರವೂರಿನಲ್ಲಿ ಕಂಡವನ ಹಾಗೆ ನಕ್ಕೆ.

ದೊಡ್ಡಪ್ಪ ಇದನ್ನು ಋಷಿಗಳ ಕಾಲದ ಮದ್ದು ಎಂದು ಗಟ್ಟಿಯಾಗಿ ನಂಬಿದ್ದರು. ಆದರೆ ‘ಅಮೃತಧಾರಾ’ ಎಂಬ ಹೆಸರಿನ ಮದ್ದು ಲಾಹೋರಿನಲ್ಲಿ ಇಪ್ಪತ್ತನೇ ಶತಮಾನದ ಶುರುವಿನಲ್ಲಿ ಮಾರುಕಟ್ಟೆಗೆ ಬಂದದ್ದು. ಅದು ಎಷ್ಟು ಓಡಿತೆಂದರೆ ‘ಲಕ್ಷ್ಮಣಧಾರಾ’ ಎಂಬ ಇನ್ನೊಂದು ಹುಟ್ಟಿಕೊಂಡು, ಜಗಳ ಸುಪ್ರೀಂ ಕೋರ್ಟಿನವರೆಗೆ ಹೋಯಿತು. 1962ರ ತೀರ್ಪಿನಲ್ಲಿ ನ್ಯಾಯಾಲಯ ಒಂದು ಸೊಗಸಾದ ವಿಚಾರ ಎತ್ತಿತು. ಅಮೃತ ಬೇರೆ, ಲಕ್ಷ್ಮಣ ಬೇರೆ ಎಂದು ಪಂಡಿತರು ಪದ ಬಿಡಿಸಿ ಹೇಳಬಹುದು, ಆದರೆ ಕೊಳ್ಳುವ ಹಳ್ಳಿಯವನು ಪದ ಬಿಡಿಸುವುದಿಲ್ಲ, ಅರ್ಧಂಬರ್ಧ ನೆನಪಿನಲ್ಲಿ ಒಟ್ಟು ಹೆಸರು ಹಿಡಿದು ಕೇಳುತ್ತಾನೆ ಎಂದು. ವ್ಯಾಪಾರಗುರುತಿನ ಮೊಕದ್ದಮೆಗಳಲ್ಲಿ ಈ ತೀರ್ಪು ಇವತ್ತಿಗೂ ಬಳಕೆಯಲ್ಲಿದೆ. ನ್ಯಾಯಮೂರ್ತಿಗಳು ವರ್ಣಿಸಿದ ಆ ಗಿರಾಕಿಯನ್ನು ನಾನು ಚೆನ್ನಾಗಿ ಬಲ್ಲೆ. “ಅದೇ ಕಣಪ್ಪ, ಹಳದಿ ಡಬ್ಬಿ, ಉರಿ ಆಯ್ತದಲ್ಲ, ಅದು,” ಎನ್ನುತ್ತಿದ್ದ ಅವನಿಗೆ ಹಳದಿ ಡಬ್ಬಿಯಲ್ಲಿ ಏನು ಕೊಟ್ಟರೂ ನಡೆಯುತ್ತಿತ್ತು. ಸಂತೆಯ ಸಗಟು ವ್ಯಾಪಾರಿಗೂ ಅದು ಗೊತ್ತಿತ್ತು.

ಹಲ್ಲುಪುಡಿಯ ವಿಷಯಕ್ಕೆ ಬಂದರೆ ನಮ್ಮ ಸೀಮೆಗೆಲ್ಲ ನಂಜನಗೂಡಿನದೇ ದೊಡ್ಡ ಹೆಸರು. 1913ರಲ್ಲಿ ಬಿ.ವಿ. ಪಂಡಿತರು ನಂಜನಗೂಡಿನಲ್ಲಿ ಸದ್ವೈದ್ಯಶಾಲೆ ಶುರುಮಾಡಿದರು. ಅಲ್ಲಿಂದ ಬಂದ ಗುಲಾಬಿ ಬಣ್ಣದ ಆ ಪುಡಿ ರಸಬಾಳೆಯಷ್ಟೇ ಊರಿನ ಹೆಸರನ್ನು ಹೊತ್ತು ತಿರುಗಿತು. ಬೆಳಿಗ್ಗೆ ಬಚ್ಚಲ ಮುಂದೆ ಕೂತು, ಅಂಗೈಯಲ್ಲಿ ಒಂದಿಷ್ಟು ಪುಡಿ, ತೋರುಬೆರಳಲ್ಲಿ ತಿಕ್ಕುವುದು. ಉಗಿದರೆ ನೆಲವೆಲ್ಲ ಗುಲಾಬಿ. ಸ್ವಲ್ಪ ನುಂಗಿದರೂ ಬೈಯುವವರಿರಲಿಲ್ಲ. ನಮ್ಮ ಅಜ್ಜಿಗೆ ಮಾತ್ರ ಇದು ಹಿಡಿಸುತ್ತಿರಲಿಲ್ಲ. ಅವಳಿಗೆ ಬೇಕಾದದ್ದು ಇನ್ನೊಂದು, ಕಪ್ಪಗಿನ ಘಾಟು ಪುಡಿ. ಅದನ್ನು ಬೆಳಿಗ್ಗೆ ಒಮ್ಮೆ ತಿಕ್ಕುವಳು, ಮಧ್ಯಾಹ್ನ ಒಮ್ಮೆ, ಬೇಜಾರಾದರೆ ಮತ್ತೊಮ್ಮೆ. ಹಲ್ಲಿಗಿಂತ ಮನಸ್ಸಿಗೆ ಅದು ಬೇಕಾಗುತ್ತಿತ್ತು. ಅದರಲ್ಲಿದ್ದದ್ದು ಹೊಗೆಸೊಪ್ಪು. ಹಲ್ಲುಪುಡಿ, ಟೂತ್‌ಪೇಸ್ಟ್‌ಗಳಲ್ಲಿ ಹೊಗೆಸೊಪ್ಪು ಸೇರಿಸುವುದನ್ನು ಸರ್ಕಾರ ನಿಷೇಧಿಸಿದ್ದು 1992ರಲ್ಲಿ. ಅಷ್ಟರಲ್ಲಿ ಅಜ್ಜಿಯೂ ಇರಲಿಲ್ಲ, ಅವಳ ಹಲ್ಲುಗಳು ಅವಳಿಗಿಂತ ಬಹಳ ಮೊದಲೇ ಹೊರಟುಹೋಗಿದ್ದವು.

ಟಾನಿಕ್ಕಿನದೇ ಒಂದು ಲೋಕ. ಬಾಣಂತಿಗೆ, ಪರೀಕ್ಷೆಗೆ ಓದುವ ಹುಡುಗನಿಗೆ, ಮಲೇರಿಯಾದಿಂದ ಎದ್ದವನಿಗೆ, ಗದ್ದೆ ಕೆಲಸ ಮುಗಿಸಿದ ಆಳಿಗೆ, ಎಲ್ಲರಿಗೂ ಟಾನಿಕ್ಕು ಬೇಕು. ಕಬ್ಬಿಣದ ರುಚಿ, ಸಕ್ಕರೆ ಪಾಕ, ಹಿಂದಿನಿಂದ ಒಂದಿಷ್ಟು ಮದ್ಯಸಾರದ ಬಿಸಿ. ಕುಡಿದ ಕೂಡಲೇ ‘ಶಕ್ತಿ’ ಬಂದದ್ದು ಗೊತ್ತಾಗಬೇಕಲ್ಲ! ಆಗ ಮಾರುಕಟ್ಟೆಯಲ್ಲಿದ್ದ ಕೆಲವು ಟಾನಿಕ್ಕುಗಳಲ್ಲಿ ಸ್ಟ್ರಿಕ್ನಿನ್ ಕೂಡ ಇರುತ್ತಿತ್ತು. ನಮ್ಮ ಕಾಡುಗಳ ಕಾಸರಕನ ಬೀಜದ ವಿಷ ಅದು. ಅತಿ ಸಣ್ಣ ಪ್ರಮಾಣದಲ್ಲಿ ನರಗಳನ್ನು ಚುರುಕುಗೊಳಿಸುತ್ತದೆ, ಸ್ವಲ್ಪ ಹೆಚ್ಚಾದರೆ ಮೈ ಬಿಲ್ಲಿನಂತೆ ಸೆಟೆದು ಸಾವು. ಸ್ಟ್ರಿಕ್ನಿನ್ ಮತ್ತು ಕೆಫೀನ್ ಬೆರೆಸಿದ ಟಾನಿಕ್ಕುಗಳು ನಮ್ಮ ದೇಶದಲ್ಲಿ ನಿಷೇಧವಾದದ್ದು 1983ರಲ್ಲಿ. ಅದೇ ಆದೇಶದಲ್ಲಿ ಫೆನಾಸಿಟಿನ್ ಕೂಡ ಹೋಯಿತು. ಅದು ತಲೆನೋವಿನ ಅನೇಕ ಮಾತ್ರೆಗಳಲ್ಲಿ ದಶಕಗಳ ಕಾಲ ಇದ್ದ, ವರ್ಷಗಟ್ಟಲೆ ನುಂಗಿದವರ ಮೂತ್ರಪಿಂಡ ಕೆಡಿಸುವ ಪದಾರ್ಥ. ನಮ್ಮೂರಿನಲ್ಲಿ ದಿನಕ್ಕೊಂದು ಮಾತ್ರೆ ಕಾಫಿಯ ಜೊತೆ ನುಂಗದಿದ್ದರೆ ಕೈ ಆಡದ ಹೆಂಗಸರು ಹಲವರಿದ್ದರು. ಅವರಲ್ಲಿ ಕೆಲವರಿಗೆ ಕೊನೆಗೆ ಕೈಕಾಲು ಬಾತುಕೊಂಡಿತು. ಮಾತ್ರೆಯಿಂದಲೇ ಬಾತಿತು ಎಂದು ಹೇಳಲು ನನ್ನ ಬಳಿ ಪುರಾವೆ ಇಲ್ಲ. ಆಗ ಯಾರೂ ಕೇಳಲೂ ಇಲ್ಲ.

ಖಾಲಿಯಾದ ಶೀಸೆಗಳು ಯಾವುವೂ ತಿಪ್ಪೆಗೆ ಹೋಗುತ್ತಿರಲಿಲ್ಲ. ಅಮೃತಾಂಜನದ ಶೀಸೆಗೆ ಕುಂಕುಮ ಅಥವಾ ಸುಣ್ಣ, ಹಾರ್ಲಿಕ್ಸ್ ಬಾಟಲಿಗೆ ಉಪ್ಪಿನಕಾಯಿ, ಟಾನಿಕ್ಕಿನ ಬಾಟಲಿಗೆ ಸೀಮೆಎಣ್ಣೆ. ಈ ಕೊನೆಯದು ಎಷ್ಟು ಅಪಾಯವೆಂಬುದು ಮುಂದೆ ಆಸ್ಪತ್ರೆಯಲ್ಲಿ ತಿಳಿಯಿತು. ಸಿಹಿ ಟಾನಿಕ್ಕೆಂದು ಸೀಮೆಎಣ್ಣೆ ಕುಡಿದ ಮಕ್ಕಳನ್ನು ಹೊತ್ತುಕೊಂಡು ಓಡಿಬರುವುದು ಅಲ್ಲಿ ಅಪರೂಪದ ಸಂಗತಿಯಾಗಿರಲಿಲ್ಲ.

1971ರ ಬೇಸಿಗೆ. ತೋಟದ ಕೂಲಿಗೆ ಬರುತ್ತಿದ್ದ ಒಬ್ಬ ತಾಯಿಯ ಚಿಕ್ಕ ಗಂಡು ಮಗುವಿಗೆ ವಾಂತಿ ಭೇದಿ ಶುರುವಾಯಿತು. ಅವಳು ಬೆಳಿಗ್ಗೆ ಅಂಗಡಿಗೆ ಬಂದಳು. ದೊಡ್ಡಪ್ಪ ಯಾವುದೋ ಹನಿಮದ್ದು ಕೊಟ್ಟರು, ಮಧ್ಯಾಹ್ನ ಅರ್ಧ ಮಾತ್ರೆ ಕೊಟ್ಟರು, ಮತ್ತು ಆಗ ಎಲ್ಲರೂ ಹೇಳುತ್ತಿದ್ದ ಮಾತನ್ನೇ ಹೇಳಿದರು: “ಹೊಟ್ಟೆ ಖಾಲಿ ಬಿಡಮ್ಮ. ನೀರು ಗೀರು ಕುಡಿಸಬ್ಯಾಡ, ಕುಡಿಸಿದಷ್ಟೂ ಹೋಗ್ತದೆ.” ಊರಿನ ಹಿರಿಯ ಹೆಂಗಸರೂ ಅದನ್ನೇ ಹೇಳಿದರು. ಮಗು ನೀರಿಗೆ ಬಾಯಿ ಬಿಡುತ್ತಿತ್ತು. ನಾನು ನೋಡಿದೆ, ಅದರ ನಾಲಿಗೆ ಒಣಗಿ ಬಿಳಿಚಿಕೊಂಡಿತ್ತು, ನೆತ್ತಿ ಒಳಗೆ ಕುಸಿದಿತ್ತು. ಸಂಜೆ ಬಸ್ಸಿಗೆ ಹೊರಡಿಸಿದರು. ಬಸ್ಸು ಬರುವ ಮೊದಲೇ ಮಗು ಹೋಯಿತು.

ಕೆಲವು ದಿನಗಳ ಮೇಲೆ ಆ ತಾಯಿ ಬಂದು ಮದ್ದಿನ ಬಾಕಿ ಎಷ್ಟು ಎಂದು ಕೇಳಿದಳು. ದೊಡ್ಡಪ್ಪ ಬೇಡ ಅಂದರು. ಅವಳು ನಾಣ್ಯಗಳನ್ನು ಗಲ್ಲಾಪೆಟ್ಟಿಗೆಯ ಮೇಲೆ ಇಟ್ಟು ಹೋದಳು. ದೊಡ್ಡಪ್ಪ ಅವನ್ನು ಅಂದೆಲ್ಲ ಮುಟ್ಟಲಿಲ್ಲ. ಆದರೆ ಆ ಹನಿಮದ್ದನ್ನು ಮಾರುವುದನ್ನು ನಿಲ್ಲಿಸಲೂ ಇಲ್ಲ.

ಅದೇ 1971ರಲ್ಲಿ, ಬಂಗಾಳದ ಗಡಿಯ ಬನಗಾಂವ್‌ನಲ್ಲಿ, ಪೂರ್ವ ಪಾಕಿಸ್ತಾನದಿಂದ ಬಂದ ನಿರಾಶ್ರಿತರ ಶಿಬಿರಗಳಲ್ಲಿ ಕಾಲರಾ ಹಬ್ಬಿತ್ತು. ನರಕ್ಕೆ ಏರಿಸುವ ಸಲೈನ್ ಸಾಕಾಗದೆ ಹೋದಾಗ ಡಾ. ದಿಲೀಪ್ ಮಹಲನಬಿಸ್ ಉಪ್ಪು, ಅಡುಗೆ ಸೋಡ, ಗ್ಲೂಕೋಸನ್ನು ನೀರಿನಲ್ಲಿ ಕರಗಿಸಿ ಡ್ರಮ್ಮುಗಳಲ್ಲಿ ತುಂಬಿಸಿ, ಜೊತೆಯಲ್ಲಿ ಬಂದ ಮನೆಯವರ ಕೈಯಿಂದಲೇ ರೋಗಿಗಳಿಗೆ ಕುಡಿಸಿದರು. ನೂರಕ್ಕೆ 30ರ ಹತ್ತಿರ ಇದ್ದ ಸಾವು 4ಕ್ಕಿಂತ ಕೆಳಗೆ ಇಳಿಯಿತು. ಭೇದಿಯಾಗುತ್ತಿರುವಾಗಲೂ ಕರುಳು ಗ್ಲೂಕೋಸಿನ ಜೊತೆ ಉಪ್ಪನ್ನು, ಉಪ್ಪಿನ ಜೊತೆ ನೀರನ್ನು ಹೀರಿಕೊಳ್ಳುತ್ತದೆ ಎಂಬುದು ಇದರ ಹಿಂದಿದ್ದ ತಿಳಿವಳಿಕೆ. 1978ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆ ಇದನ್ನು ಶತಮಾನದ ಅತಿ ಮುಖ್ಯ ವೈದ್ಯಕೀಯ ಮುನ್ನಡೆ ಆಗಬಹುದಾದದ್ದು ಎಂದು ಬರೆಯಿತು. ಉಪ್ಪು ನಮ್ಮ ಅಂಗಡಿಯ ಕೆಳಗಿನ ಹಲಗೆಯಲ್ಲೇ ಇತ್ತು. ಸಕ್ಕರೆ ಒಳಗಿನ ಡಬ್ಬದಲ್ಲಿತ್ತು. ಕೆಳಗಿನ ಹಲಗೆಯಲ್ಲಿದ್ದ ಮದ್ದನ್ನು ಬಿಟ್ಟು ನಾವು ಮೇಲಿನ ಹಲಗೆಗೆ ಸ್ಟೂಲು ಹಾಕುತ್ತಿದ್ದೆವು. ಇಷ್ಟು ವರ್ಷಗಳಾದರೂ ನನ್ನನ್ನು ಕೊರೆಯುವ ಸಂಗತಿ ಇದೊಂದೇ.

ಡಿಪ್ಲೊಮಾ ಓದುವಾಗ ಒಮ್ಮೆ ರಜೆಗೆ ಬಂದವನು ಹುರುಪಿನಲ್ಲಿ ಮೇಲಿನ ಹಲಗೆಯ ಲೇಬಲ್ಲುಗಳನ್ನೆಲ್ಲ ಓದುತ್ತ ಕೂತೆ. ಕೆಂಪು ಔಷಧಿಯಲ್ಲಿ ಪಾದರಸ ಇದೆ, ಇದರಿಂದ ಗಾಯದಲ್ಲಿ ಕೀವಾಗಿದ್ದೂ ಕಾಣುವುದಿಲ್ಲ. ಭೇದಿಗೆ ಕೊಡುವ ಈ ಮಾತ್ರೆಯಲ್ಲಿ ಕ್ಲಯೋಕ್ವಿನಾಲ್ ಇದೆ, ಜಪಾನಿನಲ್ಲಿ ಹತ್ತು ಸಾವಿರಕ್ಕೂ ಹೆಚ್ಚು ಜನರ ನರಗಳು ಹಾಳಾಗಿ 1970ರಲ್ಲೇ ಅಲ್ಲಿ ನಿಷೇಧಿಸಿದ್ದಾರೆ. ಹುಳುವಿನ ಮದ್ದು ಹಳೆಯದಾಗಿದೆ. ಹೀಗೆ. ದೊಡ್ಡಪ್ಪ ಎಲ್ಲ ಕೇಳಿಸಿಕೊಂಡು, ಕೈಯಲ್ಲಿದ್ದ ಬೆಲ್ಲ ತೂಗಿ ಕಟ್ಟಿಕೊಟ್ಟು, “ಸರಿ ಕಣಯ್ಯ. ಒಬ್ಬ ಡಾಕ್ಟ್ರನ್ನ ತಂದು ಈ ಜಗುಲಿ ಮೇಲೆ ಕೂರ್ಸು. ಇದನ್ನೆಲ್ಲ ನಾನೇ ತಗೊಂಡೋಗಿ ತಿಪ್ಪೆಗೆ ಸುರೀತೀನಿ,” ಎಂದರು. ನನ್ನ ಬಳಿ ಡಾಕ್ಟರಿರಲಿಲ್ಲ.

ಸರ್ಕಾರದ ಬಳಿಯೂ ಇರಲಿಲ್ಲ, ಅದು ಕಾನೂನಿನಲ್ಲೇ ಬರೆದಿತ್ತು. ನಮ್ಮ ಔಷಧ ನಿಯಮಗಳಿಗೆ ‘ಕೆ’ ಎಂಬ ಒಂದು ಅನುಸೂಚಿ ಇದೆ. ಜನಸಂಖ್ಯೆ ಸಾವಿರ ಮೀರದ, ಲೈಸೆನ್ಸು ಪಡೆದ ಔಷಧ ವ್ಯಾಪಾರಿ ಇಲ್ಲದ ಹಳ್ಳಿಯಲ್ಲಿ ಕೆಲವು ‘ಮನೆಮದ್ದು’ಗಳನ್ನು ಯಾರು ಬೇಕಾದರೂ ಲೈಸೆನ್ಸಿಲ್ಲದೆ ಮಾರಬಹುದು ಎಂದು ಅದರಲ್ಲಿದೆ. ಆ ಪಟ್ಟಿ ಓದುತ್ತ ಹೋದರೆ ಮೈ ಝುಮ್ಮೆಂದಿತು: ಆಸ್ಪಿರಿನ್, ನೋವಿನ ಮುಲಾಮು, ಗ್ರೈಪ್ ವಾಟರ್, ಹರಳೆಣ್ಣೆ, ಭೇದಿ ಉಪ್ಪು, ನೀಲಗಿರಿ ಎಣ್ಣೆ, ಟಿಂಚರ್ ಅಯೋಡಿನ್, ಮರ್ಕ್ಯುರೋಕ್ರೋಮ್, ಕ್ವಿನೈನ್, ಆ ಭೇದಿ ಮಾತ್ರೆ ಕೂಡ. ದಿಲ್ಲಿಯಲ್ಲಿ ಯಾರೋ ನಮ್ಮ ದೊಡ್ಡಪ್ಪನ ಹಲಗೆಯನ್ನು ನೋಡಿಕೊಂಡೇ ಬರೆದಂತಿತ್ತು. ದೊಡ್ಡಪ್ಪನಿಗೆ ಈ ಅನುಸೂಚಿಯ ಸುದ್ದಿಯೇ ತಿಳಿದಿರಲಿಲ್ಲ. ಗೊತ್ತಿಲ್ಲದೆಯೇ ಬಹುಮಟ್ಟಿಗೆ ಕಾನೂನಿನೊಳಗಿದ್ದರು. ಸಾವಿರ ಜನರಿಗಿಂತ ಕಡಿಮೆ ಇರುವ ಊರಿಗೆ ಡಾಕ್ಟರನ್ನು ಕಳಿಸುವುದಿಲ್ಲ, ಬದಲಿಗೆ ಒಂದು ಪಟ್ಟಿ ಕೊಡುತ್ತೇವೆ ಎಂದೇ ಅದನ್ನು ನಾನು ಓದಿಕೊಂಡದ್ದು.

ನೌಕರಿಗೆ ಸೇರಿದ ಮೇಲೆ ನಾನು ಮಾಡಿದ್ದೂ ಅದಕ್ಕಿಂತ ಬಹಳ ದೊಡ್ಡದೇನಲ್ಲ. ತಾಲ್ಲೂಕು ಆಸ್ಪತ್ರೆಯ ಕಿಟಕಿಯಲ್ಲಿ ಎರಡು ದೊಡ್ಡ ಜಾಡಿ, ಒಂದರಲ್ಲಿ ಬಿಳಿ ಮಿಕ್ಸ್ಚರು, ಒಂದರಲ್ಲಿ ಕೆಂಪು. ಜನ ಮನೆಯಿಂದಲೇ ಬಾಟಲಿ ತರಬೇಕು. ತರದವರಿಗೆ ಗೇಟಿನ ಹೊರಗೆ ಒಬ್ಬ ಮುದುಕ ಖಾಲಿ ಬಾಟಲಿ ಮಾರುತ್ತಿದ್ದ. ಬಾಟಲಿಯ ಪಕ್ಕೆಗೆ ಹಲ್ಲುಹಲ್ಲಾಗಿ ಕತ್ತರಿಸಿದ ಕಾಗದದ ಪಟ್ಟಿ ಅಂಟಿಸಿ, ಒಂದು ಹಲ್ಲಿಗೆ ಒಂದು ವೇಳೆಯ ಔಷಧಿ ಎಂದು ಹೇಳುತ್ತಿದ್ದೆ. ಕೆಂಪಿಗೇ ಬೇಡಿಕೆ ಹೆಚ್ಚು. 1980ರ ದಶಕದಲ್ಲಿ ಅದೇ ಉಪ್ಪು-ಗ್ಲೂಕೋಸ್ ಮದ್ದಿನ ಓಆರ್‌ಎಸ್ ಪೊಟ್ಟಣಗಳು ಬಂದಾಗ ತಾಯಂದಿರ ಮುಖ ಇಳಿಯುತ್ತಿತ್ತು. “ಉಪ್ಪು ಸಕ್ಕರೆ ಕೊಟ್ಟು ಕಳಿಸ್ತೀರಲ್ಲ ಸಾಮಿ, ಔಷಧಿ ಕೊಡಿ.” ಅದಕ್ಕೆ ಬಣ್ಣವಿಲ್ಲ, ಘಾಟಿಲ್ಲ, ಉರಿಯಿಲ್ಲ. ಭೇದಿಯೂ ಕೂಡಲೇ ನಿಲ್ಲುವುದಿಲ್ಲ. ಮಗು ಸಾಯದೆ ಉಳಿಯುತ್ತದೆ, ಅಷ್ಟೇ. ಮೇಲಿನ ಹಲಗೆಯ ಮದ್ದುಗಳು ಅರ್ಧ ಶತಮಾನ ನಮಗೆ ಕಲಿಸಿದ್ದ ಪಾಠ ಇದರ ವಿರುದ್ಧ ನಿಂತಿತ್ತು: ಕೆಲಸ ಮಾಡುತ್ತಿರುವುದು ಮೂಗಿಗೆ, ನಾಲಿಗೆಗೆ ಗೊತ್ತಾಗಬೇಕು.

ಬಹುಪಾಲು ನೆಗಡಿ, ಹೊಟ್ಟೆನೋವು, ತಲೆಭಾರಗಳು ತಾವಾಗಿಯೇ ಇಳಿಯುತ್ತವೆ. ಇಳಿಯುವ ಹೊತ್ತಿಗೆ ಯಾವ ಶೀಸೆ ಕೈಯಲ್ಲಿತ್ತೋ ಅದಕ್ಕೆ ಹೆಸರು. ವಾಸಿಯಾದವರು ಅಂಗಡಿಗೆ ಮತ್ತೆ ಬಂದು ಹೊಗಳುತ್ತಿದ್ದರು, ಆಗದವರು ಬರುತ್ತಿರಲಿಲ್ಲ. ದೊಡ್ಡಪ್ಪನ ಆತ್ಮವಿಶ್ವಾಸ ಬೆಳೆದದ್ದು ಹೀಗೆ. ನನಗೆ ಅವರ ಮೇಲೆ ಸಿಟ್ಟಿಲ್ಲ. ರಾತ್ರಿ ಎಷ್ಟು ಹೊತ್ತಿಗೆ ಬಾಗಿಲು ತಟ್ಟಿದರೂ ಎದ್ದು ಲಾಟೀನು ಹಿಡಿದು ಬರುತ್ತಿದ್ದ ಮನುಷ್ಯ ಅವರು. ಆದರೆ “ಆಗಿನ ಕಾಲದ ಮದ್ದೇ ಮದ್ದು, ಸೈಡ್ ಎಫೆಕ್ಟ್ ಇರಲಿಲ್ಲ” ಎಂದು ಯಾರಾದರೂ ಶುರುಮಾಡಿದರೆ ನಾನು ಸುಮ್ಮನಿರುವುದಿಲ್ಲ. ಸೈಡ್ ಎಫೆಕ್ಟ್ ಇತ್ತು, ಲೆಕ್ಕ ಇಡುವವರಿರಲಿಲ್ಲ. ಈಗ ಅವೇ ಮದ್ದುಗಳು ‘ಅಜ್ಜಿಯ ಗುಟ್ಟು’ ಎಂಬ ಹೆಸರಿನಲ್ಲಿ, ಸೊಗಸಾದ ಶೀಸೆಯಲ್ಲಿ, ಹತ್ತು ಪಟ್ಟು ಬೆಲೆಗೆ ಮೊಬೈಲಿನಲ್ಲಿ ಬರುತ್ತಿವೆ. ನಮ್ಮ ಅಜ್ಜಿಯಾಗಿದ್ದರೆ ಚೌಕಾಸಿ ಮಾಡುತ್ತಿದ್ದಳು.

ಗ್ರೈಪ್ ವಾಟರಿನ ಪಂಚಾಯ್ತಿಯನ್ನು ನಾನು ಹೀಗೆ ತೀರ್ಮಾನಿಸಿದೆ. ಇಂಗ್ಲೆಂಡಿನ ನಾಟಿಂಗ್‌ಹ್ಯಾಮಿನಲ್ಲಿ ವಿಲಿಯಂ ವುಡ್‌ವರ್ಡ್ ಎಂಬ ಔಷಧ ವ್ಯಾಪಾರಿ 1851ರಲ್ಲಿ ಇದನ್ನು ಮಾಡಿದ. ಜೌಗು ಪ್ರದೇಶದ ಮಲೇರಿಯಾ ಜ್ವರಕ್ಕೆ ಮಕ್ಕಳಿಗೆ ಕೊಡುತ್ತಿದ್ದ ಮಿಶ್ರಣವನ್ನು ನೋಡಿ ಕಟ್ಟಿದ ಮದ್ದು ಅದು. ಸಬ್ಬಸಿಗೆ ಎಣ್ಣೆ, ಅಡುಗೆ ಸೋಡ, ಸಕ್ಕರೆ, ಮತ್ತು ಮದ್ಯಸಾರ. ಮಗು ತೆಪ್ಪಗಾಗುತ್ತಿದ್ದದ್ದರಲ್ಲಿ ಈ ಕೊನೆಯದರ ಪಾಲೆಷ್ಟು ಎಂದು ಬಿಡಿಸಿ ಹೇಳಬೇಕಿಲ್ಲ. ಬ್ರಿಟನ್ನಿನಲ್ಲಿ 1990ರ ದಶಕದ ಆರಂಭದವರೆಗೂ ಅದರಲ್ಲಿ ಮದ್ಯಸಾರ ಇತ್ತು. ಈಗಿನದರಲ್ಲಿ ಇಲ್ಲ, ಅಂದಮೇಲೆ ಈಗಿನದು ಸಿಹಿನೀರು. ಎಳೆಗೂಸಿಗೆ ಅದೂ ಬೇಡ. ಹೆಂಡತಿ ಎರಡು ದಿನ ನನ್ನೊಡನೆ ಸರಿಯಾಗಿ ಮಾತಾಡಲಿಲ್ಲ. ಮಗುವಿನ ಆ ಅಳು ಮೂರು ತಿಂಗಳು ತುಂಬುವ ಹೊತ್ತಿಗೆ ತಾನಾಗಿ ನಿಂತಿತು, ಹೆಚ್ಚಿನ ಮಕ್ಕಳಲ್ಲಿ ನಿಲ್ಲುವಂತೆ.

ಹಳೆಯ ಆಟ ಮುಗಿದಿಲ್ಲ ಎಂಬುದಕ್ಕೆ ಇತ್ತೀಚಿನ ಉದಾಹರಣೆ ಓಆರ್‌ಎಸ್‌ನದೇ. ಹಣ್ಣಿನ ರುಚಿಯ, ಸಕ್ಕರೆ ತುಂಬಿದ ಪಾನೀಯಗಳು ಹೆಸರಿನಲ್ಲಿ ಓಆರ್‌ಎಸ್ ಎಂದು ಸೇರಿಸಿಕೊಂಡು ಔಷಧದಂಗಡಿಗಳಲ್ಲೇ ಮಾರಾಟವಾಗುತ್ತಿದ್ದವು. ಮಕ್ಕಳ ವೈದ್ಯರು ವರ್ಷಗಟ್ಟಲೆ ಕೂಗಿದ ಮೇಲೆ, 2025ರ ಅಕ್ಟೋಬರಿನಲ್ಲಿ ಆಹಾರ ಸುರಕ್ಷತಾ ಪ್ರಾಧಿಕಾರ ಆ ಹೆಸರು ಬಳಸಕೂಡದೆಂದು ಆದೇಶಿಸಿತು. ಸುಪ್ರೀಂ ಕೋರ್ಟು ಅಂದು ಕಂಡಿದ್ದ, ಅರ್ಧಂಬರ್ಧ ನೆನಪಿನಲ್ಲಿ ಹೆಸರು ಹಿಡಿದು ಕೇಳುವ ಗಿರಾಕಿ ಈಗ ಹಳ್ಳಿಯಲ್ಲಷ್ಟೇ ಇಲ್ಲ, ಅಪಾರ್ಟ್‌ಮೆಂಟಿನಲ್ಲೂ ಇದ್ದಾನೆ.

ಆದ್ದರಿಂದ ಓದುಗರಲ್ಲಿ ಒಂದು ವಿನಂತಿ. ಅಮೃತಾಂಜನ ಇಟ್ಟುಕೊಳ್ಳಿ, ಹಣೆಗೆ ಹಚ್ಚಿಕೊಳ್ಳಿ, ನನ್ನ ತಲೆದಿಂಬಿನ ಕೆಳಗೂ ಒಂದು ಡಬ್ಬಿ ಇದೆ. ಅದರ ಜೊತೆಗೆ ಮನೆಯಲ್ಲಿ ಎರಡು ಪೊಟ್ಟಣ ನಿಜವಾದ ಓಆರ್‌ಎಸ್ ಇರಲಿ. ಕೊಳ್ಳುವಾಗ ಹೆಸರು ನೋಡಬೇಡಿ, ಹಿಂಬದಿಯ ಸಣ್ಣ ಅಕ್ಷರ ಓದಿ. ವಿಶ್ವ ಆರೋಗ್ಯ ಸಂಸ್ಥೆಯ ಸೂತ್ರ ಎಂದಿರಬೇಕು. ಒಂದು ಲೀಟರಿಗೆ ಗ್ಲೂಕೋಸ್ 13.5 ಗ್ರಾಂ, ಉಪ್ಪು 2.6, ಸೋಡಿಯಂ ಸಿಟ್ರೇಟ್ 2.9, ಪೊಟ್ಯಾಸಿಯಂ ಕ್ಲೋರೈಡ್ 1.5, ಒಟ್ಟು 20.5 ಗ್ರಾಂ. ಪೊಟ್ಟಣದ ಮೇಲೆ ಹೇಳಿದಷ್ಟೇ ನೀರಿನಲ್ಲಿ ಪೂರ್ತಿ ಕರಗಿಸಿ, ಭೇದಿಯಾಗುವ ಮಗುವಿಗೆ ಚಮಚ ಚಮಚವಾಗಿ ಕುಡಿಸುತ್ತಿರಿ, ಎದೆಹಾಲು ನಿಲ್ಲಿಸಬೇಡಿ. ಸರ್ಕಾರಿ ಆಸ್ಪತ್ರೆಯಲ್ಲಿ, ಆಶಾ ಕಾರ್ಯಕರ್ತೆಯರ ಬಳಿ ಅದು ಪುಕ್ಕಟೆ ಸಿಗುತ್ತದೆ.